ಮಂಗಳೂರಿನಲ್ಲಿ ಮೆಡಿಕಲ್: ಹಾಸ್ಟೆಲ್, ಪಿಜಿ, ಹಂಚಿನ ಮನೆ

ನಾನೀಗ ಇರುವುದು ಮಂಗಳೂರಿನ ಹೊರಗೆ ಒಂದು ಹಂಚಿನ ಮನೆಯಲ್ಲಿ. ಮನೆಗೆ ಅಂಟಿಕೊಂಡು ಕಟ್ಟಿದ ಎರಡು ಕೋಣೆ, ಮುಂದೆ ಅಂಗಳ, ಹಿಂದೆ ಬಚ್ಚಲು ಮನೆ. ಎಂಬಿಬಿಎಸ್ ಓದಲು ಬಾಗಲಕೋಟೆ ಜಿಲ್ಲೆಯಿಂದ ಬಂದವಳು ನಾನು. 2022ರ ಫೆಬ್ರುವರಿಯಲ್ಲಿ ಕ್ಲಾಸು ಶುರುವಾಯಿತು. ಮೊದಲ ಹದಿನಾರು ತಿಂಗಳು ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದೆ, ಆಮೇಲೆ ಐದು ತಿಂಗಳು ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್). 2023ರ ಡಿಸೆಂಬರಿನಿಂದ ಇಲ್ಲಿದ್ದೇನೆ. ಮೂರಕ್ಕೂ ಅಪ್ಪನ ದುಡ್ಡು ಹೋಗಿದೆ, ಮೂರರಲ್ಲೂ ಮಳೆಗಾಲ ಕಳೆದಿದ್ದೇನೆ. ಈಗ ಸೀಟು ಸಿಕ್ಕ ನಮ್ಮ ಕಡೆಯ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಎಲ್ಲಿರೋದು ಚಲೋ?" ಅಂತ ಕೇಳುತ್ತಾರೆ. ಹಂಚಿನ ಮನೆ ಅನ್ನುತ್ತೇನೆ. ಫೋನಿನಲ್ಲಿ ಎಲ್ಲಾ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಂಚ, ಫ್ಯಾನು, ಕಪಾಟು, ವೈಫೈ ಮೂರು ಕಡೆಯೂ ಇದ್ದವು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಒಂದು ಬಿಳಿ ಏಪ್ರನ್.

ಮೆಡಿಕಲ್ ಓದುವವರಿಗೆ ಏಪ್ರನ್ ದಿನಾ ಬೇಕು. ಮೊದಲ ವರ್ಷ ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ, ಎರಡನೇ ವರ್ಷದಿಂದ ವಾರ್ಡಿಗೆ. ದಪ್ಪ ಬಟ್ಟೆ, ಉದ್ದ ತೋಳು, ಮೂರು ಕಿಸೆ. ನಮ್ಮೂರಲ್ಲಿ ಬೆಳಿಗ್ಗೆ ತೊಳೆದು ಹಗ್ಗಕ್ಕೆ ಹಾಕಿದರೆ ಊಟದ ಹೊತ್ತಿಗೆ ಗರಿಗರಿ ಆಗಿರುತ್ತದೆ. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ ಒಳ್ಳೆ ವರ್ಷ. ಮಂಗಳೂರಿಗೆ 3,500 ಮಿ.ಮೀ.ಗಿಂತ ಜಾಸ್ತಿ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಬರುವ ಮೊದಲು ಇದನ್ನು ಯಾರೋ ಹೇಳಿದ್ದರು. ಕೊಡೆ ತಗೊಂಡರೆ ಸಾಕು ಅಂದುಕೊಂಡಿದ್ದೆ.

ಹಾಸ್ಟೆಲ್ಲಿನಲ್ಲಿ ಆ ವರ್ಷದ ಜೂನ್. ನನ್ನ ಹತ್ತಿರ ಇದ್ದದ್ದು ಎರಡು ಏಪ್ರನ್. ನಮ್ಮ ಮಹಡಿಯಲ್ಲಿ ಹತ್ತಿರ ಹತ್ತಿರ ನಲವತ್ತು ಹುಡುಗಿಯರು, ಬಟ್ಟೆ ಹಾಕಲು ಕಾರಿಡಾರಿನಲ್ಲಿ ನಾಲ್ಕು ಹಗ್ಗ. ಒಂದರ ಮೇಲೊಂದು ಒದ್ದೆ ಬಟ್ಟೆ. ಗಾಳಿಯಲ್ಲೇ ನೀರಿರುವಾಗ ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ಸೋಮವಾರ ತೊಳೆದ ಏಪ್ರನ್ ಗುರುವಾರವೂ ತಣ್ಣಗೆ ಇರುತ್ತಿತ್ತು. ಮೊದಲು ಮುಗ್ಗಲು ವಾಸನೆ ಬಂತು. ಆಮೇಲೆ ಕಾಲರಿನ ಒಳಗೆ, ಹೊಲಿಗೆಯ ಉದ್ದಕ್ಕೂ, ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು. ಉಜ್ಜಿದರೆ ಹೋಗುತ್ತಿರಲಿಲ್ಲ. ಬ್ಲೀಚ್ ಹಾಕಿದೆ, ಚುಕ್ಕೆ ಮಾಸಿತು, ಆದರೆ ಬಟ್ಟೆ ಹಳದಿಯಾಯಿತು.

ಹಾಸ್ಟೆಲ್ಲಿನಲ್ಲಿ ವಾಷಿಂಗ್ ಮಷೀನ್ ಇತ್ತು. ಅದು ನೀರು ಹಿಂಡುತ್ತದೆ ಅಷ್ಟೇ, ಒಣಗಿಸುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಇತ್ತು. ಒಂದು ದಿನ ಫಿಸಿಯಾಲಜಿ ಇಂಟರ್ನಲ್ ಪ್ರಾಕ್ಟಿಕಲ್ ಇತ್ತು, ಎರಡೂ ಏಪ್ರನ್ ಒದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಅದರ ಮೇಲೆ ಇಸ್ತ್ರಿ ಒತ್ತಿದೆ. ಉಗಿ ಎದ್ದಿತು, ಮೇಲೆ ಬಿಸಿ, ಒಳಗೆ ತೇವ. ಅದನ್ನೇ ಹಾಕಿಕೊಂಡು ಮೂರು ಗಂಟೆ ಫ್ಯಾನಿನ ಕೆಳಗೆ ನಿಂತೆ. ಹೀಗೆ ಎರಡು ತಿಂಗಳು ಒದ್ದೆ ಬಟ್ಟೆ ಹಾಕಿಕೊಂಡಿದ್ದಕ್ಕೆ ಕತ್ತಿನ ಹಿಂದೆ, ಕಂಕುಳಲ್ಲಿ ಹುಳುಕಡ್ಡಿ ಬಂತು. ಚರ್ಮದ ವಿಭಾಗದ ಮೇಡಂ ನೋಡಿ ಮುಲಾಮು ಬರೆದುಕೊಟ್ಟರು. "ಚೆನ್ನಾಗಿ ಒಣಗಿದ ಬಟ್ಟೆ ಹಾಕಿಕೊಳ್ಳಬೇಕು, ವಾಸಿಯಾಯಿತು ಅನಿಸಿದ ಮೇಲೂ ಮುಲಾಮು ಮುಂದುವರಿಸಬೇಕು" ಅಂದರು. ಮುಲಾಮು ಹಚ್ಚುವುದು ನನ್ನ ಕೈಯಲ್ಲಿತ್ತು. ಒಣಗಿದ ಬಟ್ಟೆ ಎಲ್ಲಿಂದ ತರಲಿ? ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವ್ವನಿಗೆ ನನಗೇನೋ ದೊಡ್ಡ ರೋಗ ಬಂದಿದೆ ಅನಿಸಿ, ಅಪ್ಪನನ್ನು ಕರೆದುಕೊಂಡು ಮಾರನೇ ದಿನದ ಬಸ್ಸಿಗೆ ಹೊರಟು ನಿಂತಿದ್ದಳು. ಬೇಡ ಅಂತ ಹೇಳಿ ನಿಲ್ಲಿಸುವಷ್ಟರಲ್ಲಿ ಸಾಕಾಯಿತು.

ಎರಡನೇ ವರ್ಷದ ಮಳೆಗಾಲ ಹತ್ತಿರ ಬರುತ್ತಿದ್ದ ಹಾಗೇ ಹಾಸ್ಟೆಲ್ ಬಿಟ್ಟೆ. ಪಿಜಿಯಲ್ಲಿ ಟೆರೇಸು ಇದೆ, ಮೇಲೆ ಶೀಟು ಹಾಕಿದ್ದಾರೆ, ಬಟ್ಟೆ ಒಣಗುತ್ತದೆ ಅಂತ ಹೇಳಿದ್ದರು. ಅದೊಂದೇ ಮಾತಿಗೆ 15,000 ರೂಪಾಯಿ ಅಡ್ವಾನ್ಸ್ ಕೊಟ್ಟೆ. ಟೆರೇಸು ಇತ್ತು, ಶೀಟೂ ಇತ್ತು. ನಾನು ಹಾಕಿದ ಮೊದಲ ಏಪ್ರನ್ ಸಂಜೆ ನನ್ನ ಬಾಗಿಲ ಮುಂದೆ ಬಕೆಟ್ಟಿನಲ್ಲಿ ಬಿದ್ದಿತ್ತು. ಪಿಜಿ ನೋಡಿಕೊಳ್ಳುವವರು ಬಂದು, ಆಸ್ಪತ್ರೆಯ ಬಟ್ಟೆಯನ್ನು ಬೇರೆಯವರ ಬಟ್ಟೆಯ ಜೊತೆ ಹಾಕಬಾರದು, ಉಳಿದ ಹುಡುಗಿಯರು ಹೆದರುತ್ತಾರೆ ಅಂದರು. ಅವರ ಹೆದರಿಕೆ ನನಗೆ ಅರ್ಥವಾಯಿತು. ಮಳೆಗಾಲದ ವಾರ್ಡು ಅಂದರೆ ಡೆಂಗಿ, ಮಲೇರಿಯಾ, ಇಲಿಜ್ವರ. ಡೆಂಗಿ, ಮಲೇರಿಯಾ ಬರುವುದು ಸೊಳ್ಳೆಯಿಂದ. ಇಲಿಜ್ವರ ಬರುವುದು ಇಲಿಯ ಮೂತ್ರ ಸೇರಿದ ನೀರಿನಿಂದ. ತೊಳೆದ ಏಪ್ರನ್ನಿನಿಂದ ಯಾವುದೂ ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಐದು ತಿಂಗಳು ಏಪ್ರನ್ನನ್ನು ರೂಮಿನೊಳಗೇ, ಕಿಟಕಿಯ ಸರಳಿಗೆ ಕಟ್ಟಿ ಒಣಗಿಸಿದೆ. ಜೊತೆಗಿದ್ದವಳು ಆಫೀಸಿಗೆ ಹೋಗುವ ಹುಡುಗಿ, ಒಳ್ಳೆಯವಳು. ಅವಳೂ ಎಷ್ಟು ದಿನ ಆ ವಾಸನೆ ಸಹಿಸಿಕೊಂಡಾಳು?

ಈಗ ಹಂಚಿನ ಮನೆಯ ಮಾತು. ಮನೆ ಯಜಮಾನತಿಗೆ ಅರವತ್ತು ದಾಟಿದೆ. ನಾನು, ನನ್ನ ಜೊತೆಗಿರುವ ಹಾಸನದ ಗೆಳತಿ ಇಬ್ಬರೂ ಅವರನ್ನು ಅಮ್ಮ ಅಂತ ಕರೆಯುತ್ತೇವೆ. ಊರಲ್ಲಿ ಅವ್ವ, ಇಲ್ಲಿ ಅಮ್ಮ, ಹಾಗಾಗಿ ನನಗೆ ಗೊಂದಲವಿಲ್ಲ. 2024ರ ಜೂನ್ ಮೊದಲ ವಾರ ನಾನು ಒದ್ದೆ ಏಪ್ರನ್ ಬ್ಯಾಗಿಗೆ ತುರುಕುತ್ತಿದ್ದದ್ದನ್ನು ಅಮ್ಮ ನೋಡಿದರು. "ಚಂಡಿ ಬಟ್ಟೆ ತಕೊಂಡು ಎಲ್ಲಿಗೆ ಹೋಗುದು ಮಗಾ? ಬಚ್ಚಲಿನಲ್ಲಿ ಹಾಕು, ನಾಳೆಗೆ ಒಣಗ್ತದೆ" ಅಂದರು.

ಬಚ್ಚಲು ಮನೆಯಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಇದೆ. ಅದರ ಕೆಳಗೆ ಒಲೆ. ಸಂಜೆ ಐದಕ್ಕೆ ಅಮ್ಮ ತೆಂಗಿನ ಸಿಪ್ಪೆ, ಒಣಗಿದ ಮಡಲು ಹಾಕಿ ಬೆಂಕಿ ಮಾಡುತ್ತಾರೆ. ಹಂಡೆಯ ಮೇಲೆ, ತಲೆಗೆ ತಾಗದಷ್ಟು ಎತ್ತರದಲ್ಲಿ, ಗೋಡೆಯಿಂದ ಗೋಡೆಗೆ ಎರಡು ಬಿದಿರ ಗಳ. ಮಳೆಗಾಲದಲ್ಲಿ ಮನೆಯವರ ಬಟ್ಟೆಯೆಲ್ಲಾ ಅದರ ಮೇಲೇ. ರಾತ್ರಿ ಬೆಂಕಿ ಆರಿದರೂ ಕೆಂಡ ಇರುತ್ತದೆ, ಹಂಡೆಯ ನೀರು ಬೆಳಿಗ್ಗೆಯವರೆಗೆ ಬಿಸಿ. ಮೊದಲ ದಿನ ರಾತ್ರಿ ಎಂಟಕ್ಕೆ ಹಾಕಿದ ಏಪ್ರನ್ ಬೆಳಿಗ್ಗೆ ಆರಕ್ಕೆ ಒಣಗಿತ್ತು. ಕೈಯಲ್ಲಿ ಹಿಡಿದರೆ ಬೆಚ್ಚಗೆ. ಕಾಲರು ಮುಟ್ಟಿ ನೋಡಿದೆ, ಕಿಸೆಯೊಳಗೆ ಕೈ ಹಾಕಿ ನೋಡಿದೆ, ಎಲ್ಲೂ ತೇವವಿರಲಿಲ್ಲ. ಎರಡು ವರ್ಷ ಪಟ್ಟ ಪಾಡು ನೆನಪಾಗಿ ಕಣ್ಣು ತುಂಬಿ ಬಂತು.

ಹೊಗೆ ವಾಸನೆ ಹತ್ತುತ್ತದೆ, ಅದು ನಿಜ. ಒಂದೆರಡು ಸಲ ಮಸಿಯೂ ಹತ್ತಿತು. ಈಗ ಒಳಮಗ್ಗುಲು ಹೊರಗೆ ಮಾಡಿ ಹಾಕುತ್ತೇನೆ, ಬೆಳಿಗ್ಗೆ ಎದ್ದ ತಕ್ಷಣ ತೆಗೆದು ಜಗಲಿಯಲ್ಲಿ ಒಂದು ಗಂಟೆ ಗಾಳಿಗಿಡುತ್ತೇನೆ. ಹಂಡೆಯ ಬಿಸಿನೀರಿನಿಂದ ಇನ್ನೊಂದು ಉಪಕಾರವಾಯಿತು. ವಾರ್ಡಿಗೆ ಹಾಕಿದ ಏಪ್ರನ್ನನ್ನು ಬೇರೆ ಬಕೆಟ್ಟಿನಲ್ಲಿ, ಬಿಸಿನೀರು ಸೋಪಿನ ಪುಡಿಯಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯುತ್ತೇನೆ. ಹಾಸ್ಟೆಲ್ಲಿನಲ್ಲಿ ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತಿತ್ತು, ಅದು ಸ್ನಾನಕ್ಕೇ ಸಾಲುತ್ತಿರಲಿಲ್ಲ. ಹುಳುಕಡ್ಡಿ ಮತ್ತೆ ಬಂದಿಲ್ಲ.

ಏಪ್ರನ್ ಒಂದನ್ನೇ ನೋಡಿದ್ದರೂ ನಾನು ಈ ಮನೆಯನ್ನೇ ಆರಿಸುತ್ತಿದ್ದೆ. ಆದರೆ ಓದಿಗೆ ಇದಕ್ಕಿಂತ ದೊಡ್ಡ ಲಾಭ ತುಳುವಿನಿಂದ ಆಯಿತು.

ಎಂಬಿಬಿಎಸ್ ಶುರುವಿನಲ್ಲಿ ಫೌಂಡೇಶನ್ ಕೋರ್ಸ್ ಇರುತ್ತದೆ. ಅದರಲ್ಲಿ ಸ್ಥಳೀಯ ಭಾಷೆಯ ಪಾಠವೂ ಉಂಟು. ಕೇರಳ, ದೆಹಲಿಯಿಂದ ಬಂದವರಿಗೆ ಕನ್ನಡ ಕಲಿಸುತ್ತಿದ್ದರು. ನನಗೆ ಕನ್ನಡ ಬರುತ್ತದಲ್ಲ ಅಂತ ಹಿಂದಿನ ಬೆಂಚಿನಲ್ಲಿ ಧೈರ್ಯವಾಗಿ ಕೂತಿದ್ದೆ. ಎರಡನೇ ವರ್ಷ ಮೆಡಿಸಿನ್ ವಾರ್ಡಿನಲ್ಲಿ ಮೊದಲ ಬಾರಿಗೆ ಒಬ್ಬ ಅಜ್ಜಿಯ ಹಿಸ್ಟರಿ ತೆಗೆಯಲು, ಅಂದರೆ ಕಾಯಿಲೆಯ ವಿವರ ಕೇಳಿ ಬರೆದುಕೊಳ್ಳಲು, ಹೋದೆ. ಏನು ತೊಂದರೆ ಅಂದೆ. "ಬೆರಿ ಬೇನೆ" ಅಂದರು. ಬೇನೆ ಗೊತ್ತಾಯಿತು, ನಮ್ಮ ಕಡೆಯ ಬ್ಯಾನಿ. ಆದರೆ ನನ್ನ ಕಿವಿಗೆ ಬಿದ್ದದ್ದು "ಬರೀ ಬೇನೆ". ಬರೀ ನೋವು, ಬೇರೇನೂ ಇಲ್ಲ ಅಂತ ತಿಳಿದುಕೊಂಡೆ. ಎಲ್ಲಿ ನೋವು ಅಂತ ಮತ್ತೆ ಕೇಳಿದೆ. "ಬೆರಿ, ಬೆರಿ" ಅಂದರು. ಮೈಯೆಲ್ಲಾ ನೋವು ಅಂತ ಬರೆದುಕೊಂಡು ಸರ್ ಮುಂದೆ ಓದಿದೆ. ಸರ್ ಅಜ್ಜಿಯನ್ನು ತುಳುವಿನಲ್ಲಿ ಮಾತಾಡಿಸಿದರು. ಬೆರಿ ಅಂದರೆ ಬೆನ್ನು. ಮೂರು ತಿಂಗಳಿಂದ ಬೆನ್ನು ನೋವು, ಸಂಜೆ ಹೊತ್ತು ಜ್ವರ, ತೂಕ ಇಳಿದಿದೆ. ಬೆನ್ನುಮೂಳೆಯ ಕ್ಷಯ ಇರಬಹುದೇ ಅಂತ ಕೇಳಬೇಕಾದ ಕೇಸು ಅದು. ನಾನು ಮೈನೋವು ಅಂತ ಬರೆದಿದ್ದೆ. ಸರ್ ಬೈಯಲಿಲ್ಲ. ಆದರೆ ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ.

ಹಾಸ್ಟೆಲ್ಲಿನಲ್ಲಿ ತುಳು ಕಲಿಯಲು ಆಗಲಿಲ್ಲ. ಅಲ್ಲಿ ಇಂಗ್ಲಿಷು, ಮಲಯಾಳ, ಹಿಂದಿ. ಪಿಜಿಯಲ್ಲೂ ಹಾಗೇ. ಊರಿನ ನಡುವೆ ಇದ್ದೂ ಊರಿನವರ ಜೊತೆ ಮಾತಿಲ್ಲ.

ಅಮ್ಮ ಬೀಡಿ ಕಟ್ಟುತ್ತಾರೆ. ಈ ಕಡೆ ಬಹಳ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಸಂಜೆ ಜಗಲಿಯಲ್ಲಿ ಕಾಲು ಚಾಚಿ ಕೂತು, ತಡ್ಪೆಯನ್ನು (ಮೊರ) ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಉದ್ದಕ್ಕೆ ಹರಡಿ, ಬೆರಳಲ್ಲಿ ಸುರುಟಿ, ತುದಿ ಮಡಚಿ ನೂಲು ಸುತ್ತುತ್ತಾರೆ. ಕಣ್ಣು ನನ್ನ ಕಡೆ, ಕೈ ಅದರ ಪಾಡಿಗೆ. ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತೇನೆ. ತಲೆಗೆ ತರೆ, ಹೊಟ್ಟೆಗೆ ಬಂಜಿ, ಎದೆಗೆ ತಿಗಲೆ, ಕಾಲಿಗೆ ಕಾರ್, ಕೆಮ್ಮಿಗೆ ಸೆಮ್ಮ. ಬಸುರಿಗೆ ಬಂಜಿನಾಳ್. ಯಾವಾಗಿನಿಂದ ಅನ್ನಲು ಏಪೊಡ್ದ್. ಆರು ತಿಂಗಳಲ್ಲಿ ಹಿಸ್ಟರಿ ತೆಗೆಯುವಷ್ಟು ತುಳು ಬಂತು. ನಮ್ಮ ಬ್ಯಾಚಿನವರಿಗೆ ಫ್ಯಾಮಿಲಿ ಅಡಾಪ್ಷನ್ ಕಾರ್ಯಕ್ರಮದಲ್ಲಿ ಹಳ್ಳಿಯ ಕೆಲವು ಮನೆಗಳನ್ನು ವಹಿಸುತ್ತಾರೆ, ಆಗಾಗ ಹೋಗಿ ಅವರ ಆರೋಗ್ಯ ವಿಚಾರಿಸಬೇಕು. ಮೊದಲ ವರ್ಷ ಆ ಮನೆಗಳಲ್ಲಿ ನಾನು ಗೆಳತಿಯ ಹಿಂದೆ ನಿಲ್ಲುತ್ತಿದ್ದೆ. ಈಗ ನಾನೇ ಮಾತಾಡಿಸುತ್ತೇನೆ.

ಅಮ್ಮನಿಗೂ ಸೆಮ್ಮ ಇದೆ. ಹೊಗೆಸೊಪ್ಪಿನ ಧೂಳು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಅಂತ ದಿನಾ ಹೇಳುತ್ತೇನೆ, ಎರಡು ದಿನ ಕಟ್ಟಿಕೊಂಡು ಮೂರನೇ ದಿನ ಬಿಡುತ್ತಾರೆ. ಕಳೆದ ವರ್ಷ ಜಗ್ಗಾಡಿ ಎಕ್ಸ್‌ರೇ ಮಾಡಿಸಿದೆ. ಚೆನ್ನಾಗಿಯೇ ಬಂತು. ಆ ರಿಪೋರ್ಟ್ ಕೈಗೆ ಬರುವ ತನಕ ನನಗೆ ನಿದ್ದೆ ಇರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದವರಲ್ಲಿ ನಮ್ಮ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ಬಹಳ ಇದ್ದಾರೆ. ಅವರು ವಾರ್ಡಿಗೆ ಬಂದರೆ, "ಕಸುವಿಲ್ರಿ, ಹೊಟ್ಟ್ಯಾಗ ಉರಿಯಾಕತ್ತೈತಿ" ಅನ್ನುತ್ತಾರೆ. ಮಂಗಳೂರಿನ ಗೆಳತಿಯರಿಗೆ ಕನ್ನಡ ಬಂದರೂ ಈ ಮಾತು ಹಿಡಿಯುವುದು ಕಷ್ಟ. ಆಗ ನನ್ನನ್ನು ಕರೆಯುತ್ತಾರೆ. "ಯಾವೂರ ಪೈಕಿ ಅದೀರಿ ಅಣ್ಣಾ?" ಅಂದರೆ ಸಾಕು, ಆ ಮನುಷ್ಯ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ.

ಊಟಕ್ಕೆ ಬರೋಣ. ಹಾಸ್ಟೆಲ್ ಮೆಸ್ಸು ಕೆಟ್ಟದ್ದೇನಲ್ಲ. ಕುಚ್ಚಲಕ್ಕಿ ಅನ್ನ ಮೊದಲ ತಿಂಗಳು ಗಂಟಲಲ್ಲಿ ಇಳಿಯಲಿಲ್ಲ, ಈಗ ಗಂಜಿಗೆ ಉಪ್ಪಿನಕಾಯಿ ಇದ್ದರೆ ನನಗೆ ಸಾಕು. ಪಿಜಿ ಊಟ ಸಪ್ಪೆ. ನನ್ನ ಕಷ್ಟ ಇದ್ದದ್ದು ರೊಟ್ಟಿಯದು. ವಿಜಯಪುರ–ಮಂಗಳೂರು ರೈಲಿಗೆ ಬಾಗಲಕೋಟೆಯಲ್ಲಿ ಹತ್ತಿದರೆ ಗದಗ, ಹುಬ್ಬಳ್ಳಿ, ಹಾಸನ ದಾಟಿ ಮಾರನೇ ದಿನ ಮಂಗಳೂರು. ಅವ್ವ ಐವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ ಕಟ್ಟಿಕೊಡುತ್ತಾಳೆ. ಊರಲ್ಲಿ ತಿಂಗಳು ಇಟ್ಟರೂ ಮುರಿದರೆ ಕಟ್ ಅನ್ನುವ ರೊಟ್ಟಿ, ಹಾಸ್ಟೆಲ್ಲಿನಲ್ಲಿ ಎರಡೇ ದಿನಕ್ಕೆ ಮೆತ್ತಗಾಗಿ ಬಾಗುತ್ತಿತ್ತು. ವಾರಕ್ಕೆ ಬೂಷ್ಟು. ಅವ್ವನ ಕೈರೊಟ್ಟಿಯನ್ನು ಡಸ್ಟ್‌ಬಿನ್ನಿಗೆ ಹಾಕುವಾಗ ಆಗುವ ಸಂಕಟ ಹೇಳಲು ಆಗುವುದಿಲ್ಲ. ಇಲ್ಲಿ ಅಮ್ಮ ರೊಟ್ಟಿಯನ್ನು ತಗಡಿನ ಡಬ್ಬಿಗೆ ತುಂಬಿ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಹಪ್ಪಳ, ಒಣಮೆಣಸು ಎಲ್ಲಾ ಇರುವುದು ಅಲ್ಲೇ. ರೊಟ್ಟಿ ಇಪ್ಪತ್ತು ದಿನ ಗರಿಯಾಗಿ ಇತ್ತು.

ಅಮ್ಮ ನಮಗೆ ಅಡುಗೆ ಮಾಡಿಹಾಕುವುದಿಲ್ಲ. ನಾನು ಮತ್ತು ಹಾಸನದ ಗೆಳತಿ ಸರದಿಯಲ್ಲಿ ಮಾಡಿಕೊಳ್ಳುತ್ತೇವೆ. ಪರೀಕ್ಷೆ ಹತ್ತಿರ ಬಂದರೆ ಬರೀ ಗಂಜಿ. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಮಾತ್ರ ಅಮ್ಮ ಬೆಳಿಗ್ಗೆಯೇ ಎಬ್ಬಿಸಿ ಪಾಲೆ ಮರದ ತೊಗಟೆಯ ಕಷಾಯ ಕುಡಿಸುತ್ತಾರೆ, ಹಿಂದೆಯೇ ಮೆಂತೆ ಗಂಜಿ. ಕಷಾಯ ಭಯಂಕರ ಕಹಿ. ಅದನ್ನು ಕುಡಿದ ಮೇಲೆ ರೋಗಿಗಳನ್ನು "ಮನೆಯಲ್ಲಿ ಏನಾದರೂ ಕಷಾಯ ಕುಡಿದಿರಾ?" ಅಂತ ಮರೆಯದೆ ಕೇಳುವ ಅಭ್ಯಾಸ ಬಂತು.

ಪಿಜಿಯ ಗೇಟು ರಾತ್ರಿ ಒಂಬತ್ತೂವರೆಗೆ ಬಂದ್. ಲೇಬರ್ ರೂಮ್ ಪೋಸ್ಟಿಂಗಿನಲ್ಲಿ ಹೆರಿಗೆ ನಿಮ್ಮ ಗೇಟಿನ ಟೈಮು ನೋಡಿ ಆಗುವುದಿಲ್ಲ. ಸಿಟಿ ಬಸ್ಸುಗಳೂ ಆ ಹೊತ್ತಿಗೆ ಕಡಿಮೆ. ಎರಡು ಸಲ ಗೇಟಿನ ಹೊರಗೆ ಮಳೆಯಲ್ಲಿ ನಿಂತು ಫೋನ್ ಮಾಡಿದ್ದೇನೆ. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಹಾಸ್ಟೆಲ್ಲಿನಲ್ಲಿ ಡ್ಯೂಟಿ ಲೆಟರ್ ತೋರಿಸಿದರೆ ಬಿಡುತ್ತಾರೆ. ಇಲ್ಲಿ ಅಮ್ಮ ಜಗಲಿಯ ಲೈಟು ಹಾಕಿಟ್ಟಿರುತ್ತಾರೆ.

ದುಡ್ಡಿನ ಲೆಕ್ಕ. ಅಪ್ಪ ಜೋಳ, ಕಡಲೆ ಬೆಳೆಯುವ ರೈತ. ತಿಂಗಳಿಗೆ 8,000 ದಾಟಬಾರದು ಅಂತ ನಾನೇ ಹಾಕಿಕೊಂಡ ಮಿತಿ. ಹಾಸ್ಟೆಲ್ಲು ಮೆಸ್ಸು ಸೇರಿ ತಿಂಗಳಿಗೆ ಸುಮಾರು 9,500 ಬೀಳುತ್ತಿತ್ತು, ಅದನ್ನೂ ವರ್ಷದ್ದು ಒಟ್ಟಿಗೇ ಕಟ್ಟಬೇಕು. ಪಿಜಿ 7,500, ಬಸ್ಸಿಗೆ ಬೇರೆ, ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ದುಡ್ಡು ಪೇಂಟಿಂಗಿಗೆ ಅಂತ ಮುರಿದುಕೊಂಡರು. ಇಲ್ಲಿ ಬಾಡಿಗೆ ಇಬ್ಬರಿಗೆ ಸೇರಿ 7,000. ನನ್ನ ಪಾಲು, ಗ್ಯಾಸು, ರೇಷನ್, ಕರೆಂಟು ಎಲ್ಲಾ ಸೇರಿ 6,500ರ ಒಳಗೆ. ಆಸ್ಪತ್ರೆಗೆ ಹದಿನೈದು ನಿಮಿಷದ ನಡಿಗೆ. ಉಳಿದ ದುಡ್ಡಲ್ಲಿ ಒಳ್ಳೆ ಸ್ಟೆತೊಸ್ಕೋಪು ತಗೊಂಡೆ.

ಹಾಗಂತ ಮೊದಲ ವರ್ಷವೇ ಹಂಚಿನ ಮನೆ ಹುಡುಕಬೇಡಿ. ಮೊದಲ ವರ್ಷ ಹಾಸ್ಟೆಲ್ಲೇ ಸರಿ. ಅನಾಟಮಿಗೆ ಬೋನ್ ಸೆಟ್ ಬೇಕು, ಸೀನಿಯರುಗಳಿಂದ ತಗೊಂಡು ರೂಮಿನಲ್ಲಿಟ್ಟು ಓದಬೇಕು. ಮನುಷ್ಯರ ಎಲುಬನ್ನು ಮನೆಯೊಳಗೆ ತರಲು ಯಾವ ಮನೆಯವರೂ ಒಪ್ಪಲಾರರು, ಒಪ್ಪಿಸಲು ಹೋಗುವುದೂ ಸರಿಯಲ್ಲ. ವೈವಾಕ್ಕೆ (ಮೌಖಿಕ ಪರೀಕ್ಷೆ) ಯಾವ ಸರ್ ಏನು ಕೇಳುತ್ತಾರೆ, ಯಾವ ಪುಸ್ತಕದಲ್ಲಿ ಯಾವ ಚಿತ್ರ ಬರೆದು ಅಭ್ಯಾಸ ಮಾಡಬೇಕು ಅನ್ನುವುದೆಲ್ಲಾ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಕಾರಿಡಾರಿನಲ್ಲೇ ಗೊತ್ತಾಗುವುದು. ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ತೋಳಿಗೆ ಹೋಗುವ ನರಗಳ ಜಾಲ, ನನಗೆ ತಲೆಗೆ ಹತ್ತಿದ್ದು ಕ್ಲಾಸಿನಲ್ಲಲ್ಲ, ಸೀನಿಯರ್ ಅಕ್ಕ ಒಬ್ಬರು ನನ್ನ ತೋಳಿನ ಮೇಲೇ ಪೆನ್ನಿನಲ್ಲಿ ಬರೆದು ತೋರಿಸಿದಾಗ. ಊರು ಬಿಟ್ಟು ಬಂದ ಹೊಸತರಲ್ಲಿ ಜೊತೆಗೆ ಅಳುವವರೂ ಬೇಕಾಗುತ್ತಾರೆ.

ಗಲಾಟೆ ಇದ್ದರೇ ಓದು ಹತ್ತುತ್ತದೆ, ಅಡುಗೆ ನನ್ನಿಂದಾಗದು ಅನ್ನುವವರು ಐದೂವರೆ ವರ್ಷವೂ ಹಾಸ್ಟೆಲ್ಲಿನಲ್ಲೇ ಇರಬಹುದು. ನನ್ನದು ಬೇಗ ಮಲಗಿ ನಾಲ್ಕಕ್ಕೆ ಏಳುವ ಅಭ್ಯಾಸ, ಮೌನ ಬೇಕು, ರೊಟ್ಟಿ ಬೇಕು. ಪಿಜಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಮನೆ ನೋಡಲು ಹೋಗುವುದಾದರೆ ಜುಲೈನಲ್ಲಿ ಹೋಗಿ, ಮಳೆ ಜೋರಾಗಿರುವ ದಿನವೇ ಹೋಗಿ. ಕೋಣೆಯ ಮೂಲೆಯಲ್ಲಿ ಗೋಡೆ ಮುಟ್ಟಿ ನೋಡಿ. ಬಚ್ಚಲಿನಲ್ಲಿ ಹಂಡೆ ಇದೆಯಾ, ಮೇಲೆ ಗಳ ಇದೆಯಾ ನೋಡಿ. ಕರೆಂಟು ಹೋದರೆ ಎಷ್ಟು ಹೊತ್ತು ಅಂತ ಕೇಳಿ, ಮಳೆಗಾಲದಲ್ಲಿ ನಮಗೆ ಒಮ್ಮೆ ಎರಡು ದಿನ ಇರಲಿಲ್ಲ, ಚಾರ್ಜಿಂಗ್ ಲೈಟಿನಲ್ಲಿ ಓದಿದೆವು. ರಾತ್ರಿ ಡ್ಯೂಟಿಯ ವಿಷಯ ಮೊದಲೇ ಹೇಳಿಬಿಡಿ. ಮನೆಯವರು ನಿಮ್ಮ ಜೊತೆ ಎರಡು ಮಾತಾಡುತ್ತಾರಾ ಅಂತಲೂ ನೋಡಿ, ಬರೀ ಅಡ್ವಾನ್ಸಿನ ಮಾತಾದರೆ ಮುಂದೆ ನಡೆಯಿರಿ. ಅಂಥ ಮನೆ ಸಿಗದಿದ್ದರೆ ಹಾಸ್ಟೆಲ್ಲಿನಲ್ಲೇ ಇದ್ದು, ಮೂರನೇ ಏಪ್ರನ್ನನ್ನು ಮೇ ತಿಂಗಳಲ್ಲೇ ಹೊಲಿಸಿಟ್ಟುಕೊಳ್ಳಿ, ತೆಳು ಬಟ್ಟೆಯದು.